ಉಗುರಿನ ಗೀರು

ಮೂವತ್ತೊಂದು ವರ್ಷದಿಂದ ಕ್ಷೌರದ ಕತ್ತಿ ಹಿಡಿದ ಕೈ ನನ್ನದು. ಕೆಲಸ ಕಲಿಯುವಾಗ ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಅದು ಒಡೆಯದಂತೆ ಕೆರೆಯಬೇಕಿತ್ತು. ಬಲೂನು ಊದಿಕೊಡುತ್ತಿದ್ದವಳು ಅಕ್ಕ. ಒಡೆದರೆ ತಲೆಗೊಂದು ಮೊಟಕಿ ಇನ್ನೊಂದು ಊದುತ್ತಿದ್ದಳು. ಆಮೇಲೆ ಅಂಗಡಿಗೆ ಬಂದವರೆಲ್ಲ 'ಕೈ ಅಂದ್ರೆ ನಿಂದಪ್ಪ' ಎಂದು ಹೊಗಳಿದ್ದೇ ಹೊಗಳಿದ್ದು. ಅದು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಕ್ಕನಿಗೆ ಸ್ತನದ ಕ್ಯಾನ್ಸರ್. ಮೊದಲ ಕೀಮೋ ಆದ ಎರಡನೇ ವಾರ ಕೂದಲು ಹಿಡಿಹಿಡಿಯಾಗಿ ದಿಂಬಿನ ಮೇಲೆ ಉದುರತೊಡಗಿತು. "ಬೋಳಿಸಿಬಿಡೋ. ಬೇರೆಯವರ ಮುಂದೆ ತಲೆ ಕೊಟ್ಟು ಕೂರಲ್ಲ ನಾನು" ಎಂದಳು. ಆಸ್ಪತ್ರೆಯ ನರ್ಸಮ್ಮ ಮೊದಲೇ ಎಚ್ಚರಿಸಿದ್ದರು: "ಈ ಔಷಧಿ ಕ್ಯಾನ್ಸರ್ ಜೊತೆಗೆ ರಕ್ತದ ಬಿಳಿ ಕಣಗಳನ್ನೂ ಹೊಡೆಯುತ್ತೆ. ಎರಡನೇ ವಾರ ಮೈಗೆ ಕಾವಲೇ ಇಲ್ಲ ಅಂದ್ಕೊಳ್ಳಿ. ಕೂದಲು ತೆಗೆಯೋದಾದ್ರೆ ಮಷೀನಲ್ಲಿ ಮಾತ್ರ. ಕತ್ತಿ, ಬ್ಲೇಡು ಮುಟ್ಟಿಸಬೇಡಿ."

ಮಷೀನಲ್ಲೇ ತೆಗೆದೆ. ಆದರೆ ಅಲ್ಲಲ್ಲಿ ಕಪ್ಪು ಮೊಳಕೆ ಉಳಿಯಿತು. ನನ್ನ ಕೈಯಿಂದ ಅಂಥ ಅರೆಬರೆ ಕೆಲಸ ಹೊರಗೆ ಹೋಗುವುದುಂಟೇ? ಅಂಗಡಿಯ ಪೆಟ್ಟಿಗೆಯಿಂದ ಕತ್ತಿ ತೆಗೆದು ಹೊಸ ಬ್ಲೇಡು ಹಾಕಿದೆ.

"ಬೇಡ ಅಂದಿದ್ರಲ್ಲೋ."

"ಅದು ಕೈ ನಡುಗೋರಿಗೆ ಹೇಳಿದ್ದು."

ಕಿವಿಯ ಹಿಂದೆ ಸವರುವಾಗ ಅವಳು ಕೆಮ್ಮಿದಳು. ಅಕ್ಕಿಕಾಳಿನಷ್ಟು ಉದ್ದದ ಕೆಂಪು ಗೆರೆ ಎದ್ದಿತು. ಅಭ್ಯಾಸಬಲದಿಂದ ಪೆಟ್ಟಿಗೆಯ ಪಟಿಕದ ಕಲ್ಲು ತೆಗೆದು ಒತ್ತಿದೆ. ರಕ್ತವೇನೋ ನಿಂತಿತು. ಆ ಕಲ್ಲು ಅವತ್ತು ಬೆಳಗಿನಿಂದ ಎಷ್ಟು ಜನರ ಕೆನ್ನೆ ಸವರಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ.

ಮೂರನೇ ದಿನ ಅಕ್ಕನಿಗೆ ನೂರಾಮೂರು ಜ್ವರ. ಆಸ್ಪತ್ರೆಗೆ ಓಡಿದೆವು. ಬಿಳಿ ಕಣ ಪಾತಾಳಕ್ಕಿಳಿದಿದೆ ಎಂದು ಡಾಕ್ಟರು ಹುಬ್ಬು ಗಂಟಿಕ್ಕಿದರು. "ಜೀವಕ್ಕೇ ಅಪಾಯ ಇದೆ. ಸೋಂಕು ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಔಷಧಿ ಕೊಡೋಕೆ ಅನುಕೂಲ. ಎಲ್ಲಾದ್ರೂ ಗಾಯ ಆಗಿತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಬಲಗೈ ತಾನಾಗಿ ಜೇಬಿಗೆ ಹೋಯಿತು.

ನರ್ಸಮ್ಮ ತಲೆಯ ಬಟ್ಟೆ ಬಿಚ್ಚಿದರು. ಕಿವಿಯ ಹಿಂದೆ ಕೆಂಪಗೆ ಊದಿತ್ತು. "ಇದೇನಿದು?"

"ನವೆ ಆಯ್ತು. ಉಗುರಲ್ಲಿ ಕೆರ್ಕೊಂಡೆ" ಎಂದಳು ಅಕ್ಕ, ನನ್ನ ಕಡೆ ನೋಡದೆ.

ಡಾಕ್ಟರು ಅವಳನ್ನು ಸಣ್ಣ ಮಗುವಿನಂತೆ ಬೈದರು. ಅವಳು ಚಳಿಗೆ ನಡುಗುತ್ತ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಗ ನಾನೂ ದನಿಗೂಡಿಸಿದೆ: "ಹೇಳಿದ್ರೆ ಎಲ್ಲಿ ಕೇಳ್ತಾಳೆ ಸಾರ್, ಮೊದ್ಲಿಂದ್ಲೂ ಹೀಗೇ." ಆ ಮಾತಾಡಿದ ಬಾಯಿಗೆ ಹುಳ ಬೀಳಬೇಕಿತ್ತು.

ಐದು ದಿನ ಅವಳ ನರಕ್ಕೆ ಔಷಧಿ ಹರಿಯಿತು. ನಾನು ಅಂಗಡಿ ಮುಚ್ಚಿ ಗಾಜಿನ ಬಾಗಿಲಾಚೆ ನಿಂತಿದ್ದೆ. ಹೇಳಿಬಿಡೋಣ ಎಂದು ದಿನಕ್ಕೆ ಹತ್ತು ಸಲ ನರ್ಸಮ್ಮನ ಮೇಜಿನವರೆಗೆ ಹೋಗಿ, ಕುಡಿಯುವ ನೀರು ಎಲ್ಲಿ ಸಿಗುತ್ತೆ ಎಂದು ಕೇಳಿ ವಾಪಸು ಬಂದೆ. ಅಕ್ಕನ ಪ್ರಾಣಕ್ಕಿಂತ ನನಗೆ ನನ್ನ ಕೈಯ ಹೆಸರೇ ದೊಡ್ಡದಾಗಿತ್ತು.

ಆರನೇ ದಿನ ಜ್ವರ ಇಳಿಯಿತು, ಕಣಗಳು ಏರತೊಡಗಿದವು. ಎರಡನೇ ಕೀಮೋ ಒಂದು ವಾರ ಮುಂದಕ್ಕೆ ಹೋಯಿತು. ಮನೆಗೆ ಕಳಿಸುವ ಮುಂಚೆ ನರ್ಸಮ್ಮ ನನಗೆ ನೇಲ್ ಕಟರ್ ಕೊಟ್ಟರು. "ಇವರ ಉಗುರು ಕತ್ತರಿಸಿ. ಹಗುರ ಕೈ ಅಂತೆ ನಿಮ್ದು."

ಅಕ್ಕ ಹತ್ತೂ ಬೆರಳು ಚಾಚಿದಳು. ಏನೂ ತಪ್ಪು ಮಾಡದ ಉಗುರುಗಳು. ಎರಡು ಕತ್ತರಿಸಿದೆ, ಮೂರನೆಯದಕ್ಕೆ ಕೈ ನಡುಗಿತು.

"ಹುಷಾರು ಕಣೋ" ಎಂದಳು ಮೆಲ್ಲಗೆ. "ಈ ಸಲ ರಕ್ತ ಬಂದ್ರೆ ಹೇಳೋಕೆ ನನ್ನ ಹತ್ರ ಉಗುರೂ ಇರಲ್ಲ."

ಕಟರ್ ಕೆಳಗಿಟ್ಟೆ. "ಗೀರಿದ್ದು ಉಗುರಲ್ಲ ಸಿಸ್ಟರ್, ನನ್ನ ಕತ್ತಿ. ಮೇಲೆ ಅಂಗಡಿ ಪಟಿಕಾನೂ ಒತ್ತಿದ್ದೆ."

ನರ್ಸಮ್ಮ ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ. "ಕತ್ತಿ ಅಂತ ಮೊದಲ ದಿನವೇ ಗೊತ್ತಾಯ್ತು, ಡಾಕ್ಟರಿಗೂ ಹೇಳಿದೆ. ಉಗುರಿನ ಗೀರು ಅಷ್ಟು ನೇರ ಇರಲ್ಲ. ನೀವೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ." ಆಮೇಲೆ ಪೆನ್ನು ಕೆಳಗಿಟ್ಟರು. "ಪಟಿಕದ ವಿಷಯ ಮಾತ್ರ ಗೊತ್ತಿರಲಿಲ್ಲ. ಅದನ್ನ ಹೇಳಬೇಕಿತ್ತು."

ಅಕ್ಕ ಉಳಿದ ಎಂಟು ಬೆರಳುಗಳನ್ನು ಇನ್ನೂ ನನ್ನ ಮುಂದೆ ಚಾಚಿಕೊಂಡೇ ಇದ್ದಳು.