ಮಹಮೂದಾಳ ಮೊಲದ ಹೆರಿಗೆ

ಹೆರಿಗೆ ನೋವು ಶುರುವಾದರೆ ಶಿಡ್ಲಘಟ್ಟದ ಆ ಬೀದಿಯವರು ಮೊದಲು ಓಡುತ್ತಿದ್ದದ್ದು ಬಿಸ್ಮಿಲ್ಲಾ ಬೀ ಮನೆಗೆ. ಯಾವ ಜಾತಿಯಾದರೂ ಸರಿ, ಯಾವ ಹೊತ್ತಾದರೂ ಸರಿ, ಕರೆದ ಕೂಡಲೇ ಹೊರಟುಬಿಡುವ ಸೂಲಗಿತ್ತಿ ಆಕೆ. "ಬೀಬಮ್ಮನ ಕೈಗುಣ ಒಳ್ಳೇದು" ಎಂದು ಜನ ಹೇಳುತ್ತಿದ್ದರು. ಆಕೆಗೂ ಒಳಗೊಳಗೇ ಅದರ ಹೆಮ್ಮೆ ಇತ್ತು.

ಆದರೆ ಆ ಕೈಗೆ ಸ್ವಂತ ಮೊಮ್ಮಗುವನ್ನು ಎತ್ತಿಕೊಳ್ಳುವ ಭಾಗ್ಯ ಬಂದಿರಲಿಲ್ಲ. ಮಗ ನೂರುಲ್ಲಾ ರೇಷ್ಮೆ ನೂಲು ತೆಗೆಯುವವನು. ಸೊಸೆ ಮಹಮೂದಾಳಿಗೆ ಎರಡು ಸಲ ಬಸಿರು ನಿಂತಿತ್ತು, ಎರಡು ಸಲವೂ ಇಳಿದುಹೋಗಿತ್ತು. ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಕರೆದರೆ ಬರುವಳು, ಬಡಿಸಿದರೆ ಉಣ್ಣುವಳು, ಅಷ್ಟೇ. ಅವಳನ್ನು ಹಾಗೆ ನೋಡಲಾರದೆ ನೂರುಲ್ಲಾ ಒಮ್ಮೆ ಬೆಂಗಳೂರಿಗೆ ಹೋದವನು ಒಂದು ಜೋಡಿ ಬಿಳಿ ಮೊಲ ತಂದ. ಚಿಕ್ಕ ರೈಲಿನಲ್ಲಿ ದಾರಿಯುದ್ದಕ್ಕೂ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದ.

ಹೆಣ್ಣು ಮೊಲಕ್ಕೆ ಮಹಮೂದಾ ಮೋತಿ ಎಂದು ಹೆಸರಿಟ್ಟಳು. ಮೋತಿ ಅವಳ ಹಿಂದೆಯೇ ಓಡಾಡುತ್ತಿತ್ತು. ಅಡುಗೆ ಮಾಡುವಾಗ ಒಲೆಯ ಪಕ್ಕ, ಬಟ್ಟೆ ಒಗೆಯುವಾಗ ಕಲ್ಲಿನ ಪಕ್ಕ. ಅದರ ಜೊತೆ ಮಹಮೂದಾ ಮತ್ತೆ ಮಾತಾಡತೊಡಗಿದಳು. ಹಾಗೇ ಮನೆಯವರ ಜೊತೆಗೂ. ಬಿಸ್ಮಿಲ್ಲಾ ಬೀ ಬಾಯಲ್ಲಿ "ಇದೊಂದು ಹುಚ್ಚು" ಎನ್ನುತ್ತಿದ್ದಳು. ಆದರೆ ಕೊತ್ತಂಬರಿ ಸೊಪ್ಪು ಬಿಡಿಸುವಾಗ ಕಡ್ಡಿಗಳನ್ನು ಮೋತಿಗೆಂದೇ ಎತ್ತಿಡುತ್ತಿದ್ದಳು.

ಸ್ವಲ್ಪ ದಿನಕ್ಕೆ ಮೋತಿ ಬಸಿರಾಯಿತು. ಪಕ್ಕದ ಮನೆಯ ಆದಿಲಕ್ಷ್ಮಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳು ತಿಂದು ಮಿಕ್ಕಿದ ಹಿಪ್ಪುನೇರಳೆ ಸೊಪ್ಪನ್ನು ಮೊಲಗಳಿಗೆ ತಂದು ಹಾಕುವವಳು ಅವಳೇ. ಮೋತಿಯ ಹೊಟ್ಟೆ ನೋಡಿ ಅವಳು ಹೇಳಿದಳು.

"ಬೀಬಮ್ಮ, ಇದಿನ್ನೂ ಎಳೇದು. ಪೂರ್ತಿ ಬೆಳೆಯೋಕ್ ಮುಂಚೆನೇ ಗಂಡಿನ ಜೊತೆ ಬಿಟ್ಬಿಟ್ಟಿದ್ದೀರ. ಹೆರೋ ಹೊತ್ತಿಗೆ ಹುಷಾರಾಗಿರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ದನದ ಆಸ್ಪತ್ರೆಗೆ ಹೋಗಣ. ಹೋದ ವರ್ಷ ನಮ್ಮ ಹಸೂಗೆ ಕರು ಅಡ್ಡ ನಿಂತಾಗ ಆ ಡಾಕ್ಟರಪ್ಪನೇ ಬಂದು ಉಳಿಸಿದ್ದು."

ಬಿಸ್ಮಿಲ್ಲಾ ಬೀ ನಕ್ಕುಬಿಟ್ಟಳು. "ಏನಮ್ಮ ಆದಿಲಕ್ಷ್ಮಮ್ಮ, ನಿನ್ನ ಮಗಳ ಹೆರಿಗೆ ಮಾಡಿದ ಕೈ ಇದು. ಒಂದು ಮೊಲದ ಹೆರಿಗೆಗೆ ಡಾಕ್ಟರು ಬೇಕಾ?"

ಆ ದಿನ ಬೆಳಿಗ್ಗೆ ಮಹಮೂದಾ ಗೂಡಿನ ಬಾಗಿಲು ತೆಗೆದಾಗ ಮೋತಿ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಮೂಲೆಯಲ್ಲಿ ಮೆತ್ತಗೆ ಹಾಸಿತ್ತು. ಮರಿ ಹಾಕುವ ಗುರುತು ಅದು. ಮಹಮೂದಾಳ ಮುಖ ಅರಳಿತು. ಆದರೆ ಬಿಸಿಲು ಏರಿದರೂ ಮರಿ ಬರಲಿಲ್ಲ. ಮೋತಿ ಬೆನ್ನು ಗೂನು ಮಾಡಿ ಕುಳಿತು ತಿಣುಕುತ್ತಿತ್ತು. ಹಲ್ಲು ಕಡಿಯುವ ಸಣ್ಣ ಸದ್ದು ಕೇಳುತ್ತಿತ್ತು. ಹಾಸಿನ ಮೇಲೆ ರಕ್ತ ಇತ್ತು.

ಸೊಪ್ಪು ತಂದ ಆದಿಲಕ್ಷ್ಮಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ ಶಿವನೆ! ಮೊಲ ಇಷ್ಟು ಹೊತ್ತು ನೋವು ತಿನ್ನಬಾರದು ಕಣಮ್ಮ. ನೋವು ಬಂತು ಅಂದ್ರೆ ಅರ್ಧ ಗಂಟೆ ಒಳಗೆ ಮುಗಿದು ಹೋಗಬೇಕು. ಬುಟ್ಟಿ ತಗೊಳ್ಳಿ, ಹೋಗಣ."

ನೂರುಲ್ಲಾ ಹಿಂದುಮುಂದು ನೋಡಿದ. "ಮೊಲಾನ ಹೊತ್ಕೊಂಡು ಆಸ್ಪತ್ರೆಗೆ ಹೋದ್ರೆ ಬೀದಿ ಜನ ನಗಲ್ವಾ?"

"ನಗಲಿ ಬಿಡ್ರಿ," ಎಂದಳು ಮಹಮೂದಾ. ಅವಳು ಬುಟ್ಟಿ ಕೈಗೆ ತೆಗೆದುಕೊಂಡಳು. "ಅಮ್ಮೀ, ಹೋಗಣ ಅಮ್ಮೀ."

"ಚೊಚ್ಚಲು, ಬೇಟಿ, ಹೊತ್ತು ಹಿಡಿಯುತ್ತೆ," ಎಂದು ಬಿಸ್ಮಿಲ್ಲಾ ಬೀ ಒಳಗೆ ಹೋದಳು. ಹೆರುವ ಹೆಂಗಸರಿಗೆ ಕೊಡುವ ಹಾಗೆಯೇ ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಸಿದಳು. ಮೋತಿಯ ಬಾಯಿ ಬಿಡಿಸಿ ಚಮಚದಲ್ಲಿ ಹೊಯ್ದಳು. ಅದು ಕೆಮ್ಮಿ ಒದ್ದಾಡಿತು. ಆಮೇಲೂ ಕಾದರು. ಮಧ್ಯಾಹ್ನವಾಯಿತು. ಆಗ ಒಂದು ಮರಿಯ ಕಾಲು ಮಾತ್ರ ಹೊರಗೆ ಕಾಣಿಸಿತು. ಅಲ್ಲಿಗೇ ನಿಂತಿತು.

"ನೋಡಿದೆಯಾ? ಬಂತು," ಎಂದಳು ಬಿಸ್ಮಿಲ್ಲಾ ಬೀ.

"ಎಳೀಬೇಡಿ ಬೀಬಮ್ಮ!" ಆದಿಲಕ್ಷ್ಮಮ್ಮ ಕೈ ಮುಗಿದಳು. "ನಿಮ್ಮ ದಮ್ಮಯ್ಯ, ಎಳೀಬೇಡಿ!"

ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ತಂದ ಕೈ ಅದು. ಆದರೆ ಆ ಹೊಟ್ಟೆ ಒಂದು ಹಿಡಿಯಷ್ಟು, ಆ ಕಾಲು ಕಡ್ಡಿಯಷ್ಟು. ಬಿಸ್ಮಿಲ್ಲಾ ಬೀ ಮೆಲ್ಲಗೇ ಎಳೆದಳು. ಬರಲಿಲ್ಲ. ಇನ್ನೂ ಸ್ವಲ್ಪ ಎಳೆದಳು. ಮೋತಿ ಒಂದೇ ಒಂದು ಸಲ ಕಿರುಚಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಅದರ ದನಿ ಕೇಳಿರಲಿಲ್ಲ. ಮರಿ ಬಂತು, ಸತ್ತೇ ಬಂತು. ಅದರ ಹಿಂದೆ ರಕ್ತ ಬಂತು. ಎಷ್ಟು ಒರೆಸಿದರೂ ನಿಲ್ಲಲಿಲ್ಲ.

ಬಿಸ್ಮಿಲ್ಲಾ ಬೀ ತನ್ನ ಕೈಗಳನ್ನು ನೋಡಿಕೊಂಡಳು. "ಜಟಕಾ ಕರೆಯೋ," ಎಂದು ಮಗನಿಗೆ ಹೇಳಿದಳು.

ದನದ ಆಸ್ಪತ್ರೆ ಊರಿನ ಆಚೆ ತುದಿಯಲ್ಲಿತ್ತು. ಜಟಕಾದಲ್ಲಿ ಮಹಮೂದಾ ಮೋತಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಬೀದಿಯ ಜನ ನೋಡಿದರು. ಯಾರೂ ನಗಲಿಲ್ಲ.

ಡಾಕ್ಟರು ವೆಂಕಟರಾಮಪ್ಪನವರು ಊಟಕ್ಕೆ ಕುಳಿತಿದ್ದವರು ಎದ್ದು ಬಂದರು. ಕಷಾಯ ಕುಡಿಸಿದ್ದು, ಮರಿ ಎಳೆದದ್ದು ಎಲ್ಲವನ್ನೂ ಬಿಸ್ಮಿಲ್ಲಾ ಬೀಯೇ ಹೇಳಿದಳು. ಸೋಪು ಹಚ್ಚಿ ಕೈ ತೊಳೆದು, ಬೆರಳಿಗೆ ಎಣ್ಣೆ ಸವರಿಕೊಂಡು, ತುಂಬ ಹೊತ್ತು ತಗ್ಗಿಸಿದ ತಲೆ ಎತ್ತದೆ ಕೆಲಸ ಮಾಡಿದರು. ಉಳಿದ ಎರಡು ಮರಿಗಳು ಬಂದವು. ಎರಡಕ್ಕೂ ಜೀವ ಇತ್ತು. ಮೋತಿ ಕಣ್ಣು ತೆರೆದುಕೊಂಡೇ ಇತ್ತು. ಮಹಮೂದಾ ಅದರ ಕಿವಿ ಸವರುತ್ತಿದ್ದಳು. ಕಿವಿ ತಣ್ಣಗಾಗುತ್ತಾ ಬಂತು. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ಅವಳ ಕಡೆ ನೋಡಿ, "ಹೋಯ್ತು ತಾಯಿ," ಎಂದರು.

"ಬೆಳಿಗ್ಗೆನೇ ತಂದಿದ್ರೆ ಉಳೀತಿತ್ತಾ ಸ್ವಾಮಿ?" ಬಿಸ್ಮಿಲ್ಲಾ ಬೀ ಕೇಳಿದಳು.

ಡಾಕ್ಟರು ಕೈ ತೊಳೆಯುತ್ತಾ ಹೇಳಿದರು. "ಆಣೆ ಇಟ್ಟು ಹೇಳಕ್ಕಾಗಲ್ಲ ತಾಯಿ. ಆದ್ರೆ ಉಳಿಸೋ ದಾರಿ ಇತ್ತು. ಮರಿ ಅಡ್ಡ ಸಿಕ್ಕಿತ್ತು. ಹಾಗಿದ್ದಾಗ ಎಳೆದ್ರೆ ಗರ್ಭ ಹರಿದುಹೋಗುತ್ತೆ. ಮೆಲ್ಲಗೆ ತಿರುಗಿಸಿ ತೆಗೀಬೇಕಿತ್ತು. ಕಷಾಯನೂ ಕೊಡಬಾರದಿತ್ತು. ಮನುಷ್ಯರಿಗೆ ಆಗೋದು ಈ ಸಣ್ಣ ಪ್ರಾಣಿಗೆ ಆಗಲ್ಲ. ಮೊಲಕ್ಕೆ ವಾಂತಿನೂ ಬರಲ್ಲ, ಒಳಗೆ ಹೋದದ್ದು ಹೋಯ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬಿಸ್ಮಿಲ್ಲಾ ಬೀಗೆ.

ಮರಿ ಸಾಕುವ ಬಗೆಯನ್ನೂ ಡಾಕ್ಟರೇ ಹೇಳಿಕೊಟ್ಟರು. ಹತ್ತಿ ಹಾಸಿ ಬೆಚ್ಚಗಿಡಬೇಕು. ಆಡಿನ ಹಾಲನ್ನು ಕಾಯಿಸಿ, ಉಗುರು ಬೆಚ್ಚಗೆ ಆರಿಸಿ, ಪೆನ್ನಿಗೆ ಮಸಿ ತುಂಬುವ, ಇನ್ನೂ ಬಳಸದ ಹೊಸ ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ಕುಡಿಸಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಮೂಗಿಗೆ ಏರುತ್ತದೆ, ಬೋರಲಾಗಿಯೇ ಹಿಡಿಯಬೇಕು. ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಒರೆಸಿದರೆ ಮಾತ್ರ ಮರಿ ಉಚ್ಚೆ ಹೊಯ್ಯುತ್ತದೆ. ತಾಯಿ ನೆಕ್ಕಿ ಮಾಡುವ ಕೆಲಸ ಅದು.

ಮೋತಿಯನ್ನು ಹಿತ್ತಲಲ್ಲಿ ಮಣ್ಣು ಮಾಡಿದರು. ಮಹಮೂದಾ ಅತ್ತೆಯನ್ನು ದೂರಲಿಲ್ಲ. ಸಂಜೆ ಎಂದಿನಂತೆ ರೊಟ್ಟಿ ತಟ್ಟಿ ಮುಂದೆ ಇಟ್ಟಳು. ಬಿಸ್ಮಿಲ್ಲಾ ಬೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬೈಯಮ್ಮಾ ನನ್ನ," ಎಂದಳು. "ಒಂದು ಮಾತಾದ್ರೂ ಅನ್ನು."

"ಉಳಿಸೋಕೇ ಅಲ್ವಾ ಅಮ್ಮೀ ನೀವು ಕೈ ಹಾಕಿದ್ದು," ಎಂದಳು ಮಹಮೂದಾ. ಹಾಗೆ ಹೇಳಿ ಗೋಡೆಯ ಕಡೆ ತಿರುಗಿ ಅತ್ತಳು. ತನ್ನ ಎರಡು ಬಸಿರು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಬಿಸ್ಮಿಲ್ಲಾ ಬೀ ಹತ್ತಿರ ಹೋಗಿ ಅವಳ ಬೆನ್ನ ಮೇಲೆ ಕೈ ಇಡಲು ಹೋದಳು. ಇಡಲೋ ಬೇಡವೋ ಎಂದು ಹಿಂಜರಿದು, ಕೊನೆಗೆ ಇಟ್ಟಳು.

ಎರಡು ಮರಿಗಳಲ್ಲಿ ಒಂದು ಆ ವಾರ ದಾಟಲಿಲ್ಲ. ಇನ್ನೊಂದು ಹಾಲು ಹೀರಿತು. ಕೆಲವು ದಿನಕ್ಕೆ ಕಣ್ಣು ಬಿಟ್ಟಿತು. ಆದರೆ ಮಹಮೂದಾ ಅದಕ್ಕೆ ಹೆಸರಿಡಲಿಲ್ಲ. ಹಾಲು ಕುಡಿಸುವಾಗ ಸುಮ್ಮನೇ ಇರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಬೀದಿಯ ಕೊನೆಮನೆಯ ಕೋನಪ್ಪ ಓಡಿಬಂದ. "ಬೀಬಮ್ಮ, ನಮ್ಮ ಮೇಕೆ ಬೆಳಿಗ್ಗೆಯಿಂದ ತಿಣುಕ್ತಾ ಇದೆ, ಮರಿ ಬರ್ತಿಲ್ಲ. ನಿಮ್ಮ ಕೈಗುಣ ಒಳ್ಳೇದು, ಒಂದ್ ಸಲ ಬಂದು ನೋಡಿ."

"ನಾನು ಮುಟ್ಟಲ್ಲ ಕೋನಪ್ಪ," ಎಂದಳು ಬಿಸ್ಮಿಲ್ಲಾ ಬೀ. "ನೀನೂ ಮುಟ್ಟಬೇಡ. ಎಳೀಬೇಡ, ಏನೂ ಕುಡಿಸಬೇಡ. ನಡಿ, ಡಾಕ್ಟರ ಹತ್ತಿರ ಹೋಗಣ."

"ಒಂದು ಮೇಕೆಗೆ ಡಾಕ್ಟರಾ?"

ಬಿಸ್ಮಿಲ್ಲಾ ಬೀ ಚಪ್ಪಲಿ ಮೆಟ್ಟಿಕೊಂಡು ಅವನಿಗಿಂತ ಮುಂದೆ ನಡೆದಳು. ಗಾಡಿ ಕರೆಯಲು ನೂರುಲ್ಲಾ ಆಗಲೇ ಓಡಿದ್ದ. ಮೇಕೆಗೆ ಹೊದಿಸಲೆಂದು ಮಹಮೂದಾ ಒಂದು ಗೋಣಿಚೀಲ ತಂದುಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮೊಲ ಇರಬಹುದು, ಮೇಕೆ ಇರಬಹುದು, ಹಸು ಇರಬಹುದು. ಎಳೆಯದನ್ನು ಗಂಡಿನ ಜೊತೆ ಬಿಡಬೇಡಿ. ಮರಿ ಹಾಕಿದ ದಿನವೇ ಮೊಲ ಮತ್ತೆ ಬಸಿರಾಗಬಹುದು, ಆದ್ದರಿಂದ ಹೆರುವ ಮೊದಲೇ ಗಂಡನ್ನು ಬೇರೆ ಗೂಡಿಗೆ ಹಾಕಿ. ನೋವು ತಿನ್ನುತ್ತಿದ್ದರೂ ಮರಿ ಬರದಿದ್ದರೆ, ರಕ್ತ ಕಂಡರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡರೆ ಕಾಯುತ್ತಾ ಕೂರಬೇಡಿ. ಬೆಚ್ಚಗೆ ಸುತ್ತಿ, ಸದ್ದಿಲ್ಲದ ಕಡೆ ಇಟ್ಟು, ಹತ್ತಿರದ ದನದ ಆಸ್ಪತ್ರೆಗೆ ಕರೆದೊಯ್ಯಿರಿ. ಜನ ನಗುತ್ತಾರೆಂದು ನಾಚಬೇಡಿ. ಬಾಯಿಲ್ಲದ ಜೀವ ತನ್ನ ನೋವನ್ನು ನಮಗೆ ಹೇಳಲಾರದು. ಅದರ ಪರವಾಗಿ ಓಡಬೇಕಾದವರು ನಾವೇ. ತಡಮಾಡದೆ ಓಡಿ.