ಕಂಠಕ್ಕೆ ಬಂದ ಫಜೀತಿ

ಪಿಟಿ ಮೇಡಂ ಕೂಗಿದರೆ ಮೈದಾನದ ಆ ತುದಿಯಲ್ಲಿದ್ದ ಹುಡುಗಿಯೂ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ವಿಜ್ಞಾನದ ಟೀಚರು ಹೆರಿಗೆ ರಜೆಯಲ್ಲಿದ್ದರಿಂದ, ಹುಡುಗಿಯರಿಗೆ ಎಚ್‌ಪಿವಿ ಲಸಿಕೆಯ ಬಗ್ಗೆ ತಿಳಿಸುವ ಕೆಲಸವನ್ನು ಹೆಡ್‌ಮಾಸ್ಟರು ಇವರ ಕೊರಳಿಗೆ ಕಟ್ಟಿದರು.

"ನಿಮ್ಮ ಗಂಟಲಿಗೆ ಇದೇನು ದೊಡ್ಡ ಮಾತು ಮೇಡಂ?" ಎಂದು ಹೆಡ್‌ಮಾಸ್ಟರು ತಮ್ಮ ಕೊಠಡಿ ಸೇರಿಕೊಂಡರು.

ದೊಡ್ಡ ಮಾತೇ ಆಯಿತು. ವೈರಸ್ ಅನ್ನುವಾಗ ಮೇಡಂ ದನಿ ಜೋರಾಗಿಯೇ ಇತ್ತು. ಕ್ಯಾನ್ಸರ್ ಅನ್ನುವಾಗಲೂ ಅಷ್ಟೇ. 'ಗರ್ಭಕಂಠ' ಬಂದಾಗ ಮಾತ್ರ ನಾಚಿಕೆಯಿಂದ ಮೊದಲರ್ಧವನ್ನು ನುಂಗಿಬಿಟ್ಟರು. ಹುಡುಗಿಯರಿಗೆ ಕೇಳಿಸಿದ್ದು 'ಕಂಠ' ಅಷ್ಟೇ. "ಪ್ರಶ್ನೆ ಇದೆಯಾ?" ಎಂದವರೇ, ಯಾರೂ ಕೈ ಎತ್ತುವ ಮೊದಲೇ ಎಲ್ಲರನ್ನೂ ಆಟಕ್ಕೆ ಅಟ್ಟಿದರು.

ಮರುದಿನ ಗೇಟಿನ ಮುಂದೆ ಅಮ್ಮಂದಿರು, ಅಜ್ಜಿಯರ ದಂಡೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಟೈಲರಮ್ಮ, ಪಕ್ಕದಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಮೊಮ್ಮಗಳು.

"ಏನ್ರೀ ಮೇಡಂ, ಮಕ್ಕಳ ಕುತ್ತಿಗೆಗೆ ಸೂಜಿ ಚುಚ್ತೀರಂತೆ? ನಾನು ಬಟ್ಟೆಗೆ ಚುಚ್ಚೋವಾಗ್ಲೂ ಎರಡು ಸಲ ನೋಡ್ತೀನಿ!"

"ನನ್ನ ಮಗಳು ಸಂಗೀತ ಕಲೀತಿದ್ದಾಳೆ," ಎಂದರು ಇನ್ನೊಬ್ಬ ತಾಯಿ. "ಕಂಠ ಕೆಟ್ರೆ ನೀವು ಬಂದು ಹಾಡ್ತೀರಾ?"

ಲಸಿಕೆಯ ಪೆಟ್ಟಿಗೆ ಹಿಡಿದು ಬಂದಿದ್ದ ನರ್ಸು ಪಿಟಿ ಮೇಡಂ ಮುಖ ನೋಡಿದರು. "ಏನು ಪಾಠ ಮಾಡಿದ್ರಿ ನೀವು?" ಹೆಡ್‌ಮಾಸ್ಟರಿಗೆ ಆಗಲೇ ಯಾವುದೋ ಫೋನು ನೆನಪಾಗಿತ್ತು.

ಮೇಡಂ ಕಿವಿಯೆಲ್ಲ ಕೆಂಪಾಯಿತು. ಮೆಟ್ಟಿಲು ಹತ್ತಿ ನಿಂತು, ಕಣ್ಣು ಮುಚ್ಚಿ ಕೂಗಿದರು: "ಗರ್ಭಕಂಠ!"

ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರ್ ಗಕ್ಕನೆ ನಿಂತಿತು.

"ಅದು ಕುತ್ತಿಗೇಲಿಲ್ಲ! ಗರ್ಭಕೋಶದ ಬಾಯಿ ಅದು. ಗಂಡು ಹೆಣ್ಣು ಕೂಡಿದಾಗ ಈ ವೈರಸ್ಸು ಒಬ್ಬರಿಂದೊಬ್ಬರಿಗೆ ಹರಡತ್ತೆ, ಎಷ್ಟೋ ವರ್ಷದ ಮೇಲೆ ಅಲ್ಲಿ ಕ್ಯಾನ್ಸರ್ ತರಬಹುದು. ಅದಕ್ಕೇ ಚಿಕ್ಕವರಿದ್ದಾಗ್ಲೇ ಲಸಿಕೆ. ಸೂಜಿ ತೋಳಿಗೆ!"

ಟೈಲರಮ್ಮನ ಮುಖ ಮೆತ್ತಗಾಯಿತು.

"ನಮ್ಮಕ್ಕ ಹೋಗಿದ್ದು ಇದರಲ್ಲೇ. ಬಂದೋರಿಗೆಲ್ಲ ಹೊಟ್ಟೆನೋವು ಅಂತಿದ್ವಿ. ಸತ್ತ ಮೇಲೂ ಹಾಗೇ ಅಂದ್ವಿ." ಮೊಮ್ಮಗಳ ಮಫ್ಲರ್ ಎಳೆದು ಬಿಚ್ಚಿದರು. "ಅಂಗಿ ತೋಳು ಮಡಚೇ. ಮೊದಲು ನೀನೇ."

ಹಿಂದೆಯೇ ಸಾಲು ನಿಂತಿತು.

"ನಮ್ಮಂಥೋರಿಗೆ ಏನೂ ಇಲ್ವಾ?" ಎಂದು ಟೈಲರಮ್ಮ ನರ್ಸನ್ನು ಕೇಳಿದರು.

"ಲಸಿಕೆಯ ವಯಸ್ಸು ದಾಟ್ತಲ್ಲಮ್ಮ, ನಿಮಗೆ ಗರ್ಭಕಂಠದ ಪರೀಕ್ಷೆ ಇದೆ. ಕ್ಲಿನಿಕ್ಕಿಗೆ ಬನ್ನಿ."

ಟೈಲರಮ್ಮ ತಿರುಗಿದರು. "ನೀವು ಮಾಡಿಸ್ಕೊಂಡಿದ್ದೀರಾ ಮೇಡಂ?"

"ಅದೂ... ಪುರುಸೊತ್ತೇ..."

"ಸರಿ, ಶನಿವಾರ ಒಟ್ಟಿಗೇ ಹೋಗೋಣ."

ಶನಿವಾರ ಕ್ಲಿನಿಕ್ಕಿನ ಬೆಂಚಿನ ಮೇಲೆ ಟೈಲರಮ್ಮ ಪಿಟಿ ಮೇಡಂ ಮಣಿಕಟ್ಟು ಬಿಡಲೇ ಇಲ್ಲ. "ಮೊದಲು ಯಾರು?" ಎಂದು ನರ್ಸು ಕೇಳಿದಾಗ ಇಬ್ಬರೂ ಪರಸ್ಪರ ಬೆರಳು ತೋರಿಸಿದರು.

"ವಯಸ್ಸಿಗೆ ಮರ್ಯಾದೆ ಕೊಡು ತಾಯಿ," ಎಂದರು ಟೈಲರಮ್ಮ. "ನೀನೇ ಹೋಗು."

ಇಬ್ಬರ ರಿಪೋರ್ಟಿನಲ್ಲೂ ತೊಂದರೆಯೇನೂ ಇರಲಿಲ್ಲ. ಈಗ ಅಳತೆ ಕೊಡಲು ಬಂದ ಹೆಂಗಸು "ಪರೀಕ್ಷೆ ಮಾಡಿಸ್ಕೊಂಡ್ಯಾ?" ಎಂಬುದಕ್ಕೆ ಉತ್ತರ ಕೊಡುವ ತನಕ ಟೈಲರಮ್ಮ ಟೇಪು ಸಡಿಲಿಸುವುದಿಲ್ಲ.