ಶಿವರಾತ್ರಿ ಕಳೆದ ಮೇಲಿನ ಚಳಿ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಈ ಸಲ ಹಬ್ಬ ಕಳೆದು ಹತ್ತು ದಿನವಾದ ಮೇಲೆ ಹೋದ ಚಳಿ ತಿರುಗಿ ಬಂತು. ತೆರಕಣಾಂಬಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೆಳಿಗ್ಗೆ ಎಂಟಾದರೂ ಯಾರೂ ತಲೆಗೆ ಸುತ್ತಿದ ಟವೆಲ್ ಬಿಚ್ಚಿರಲಿಲ್ಲ. ಅಲ್ಲಿ ನಿಂಗಯ್ಯನ ಗಂಟಲು ಎಲ್ಲರಿಗಿಂತ ಜೋರು. ಒಂದೆಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳು ಸಾಕುವ ರೈತ. ಕೆಲಸದಲ್ಲಿ ಅಚ್ಚುಕಟ್ಟು, ಮಾತಿಗೆ ಮಾತ್ರ ಬ್ರೇಕಿಲ್ಲ.

"ಭೂಮಿ ಕಾಯ್ತಾ ಅದೆ, ಕಾಯ್ತಾ ಅದೆ ಅಂತ ಬಡ್ಕತಿದ್ರಲ್ಲ ಮೇಷ್ಟ್ರೆ, ಎಲ್ಲೋಯ್ತು ನಿಮ್ಮ ಕಾವು? ಇಲ್ಲಿ ಹಲ್ಲು ಕಟಕಟ ಅಂತಾವೆ!"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೃತ್ಯುಂಜಯ ಮೇಷ್ಟ್ರು ನಕ್ಕರು. "ಒಂದಿನ ನಿಮ್ಮ ಹಸು ಹಾಲು ಕಡಿಮೆ ಕೊಟ್ಟರೆ ಗೊಡ್ಡಾಯ್ತು ಅಂತ ಮಾರಿಬಿಡ್ತೀರಾ ನಿಂಗಯ್ಯ? ಒಂದು ವಾರದ ಚಳಿ ನೋಡಿ ಭೂಮಿ ಬಿಸಿಯಾಗ್ತಿಲ್ಲ ಅನ್ನೋಕಾಗಲ್ಲ. ಅದು ಎಷ್ಟೋ ವರ್ಷದ್ದು ಒಟ್ಟಿಗೆ ನೋಡಬೇಕಾದ ವಿಚಾರ."

"ಅಂಗಾರೆ ಈ ಚಳೀನೂ ಅದ್ರಿಂದ್ಲೇ ಬಂತು ಅಂತೀರಾ?"

"ಅದು ನನಗೆ ಗೊತ್ತಿಲ್ಲ. ತಿಳಿದವರೇ ಇನ್ನೂ ವಾದ ಮಾಡ್ತಿದ್ದಾರೆ."

ಆ ಅಂಗಡಿಯಲ್ಲಿ ಗೊತ್ತಿಲ್ಲ ಅಂದವನು ಸೋತ ಹಾಗೆ. ಎಲ್ಲರೂ ಹೋ ಎಂದು ನಕ್ಕರು. "ಮೇಷ್ಟ್ರಿಗೇ ಗೊತ್ತಿಲ್ಲ ಅಂದ್ಮೇಲೆ ಎಲ್ಲಾ ಬುರುಡೆ ಕಣ್ಲಾ" ಎಂದು ನಿಂಗಯ್ಯ ಗೆದ್ದ ಮುಖದಲ್ಲಿ ಮನೆಗೆ ಹೊರಟ.

ಮನೆಯಲ್ಲಿ ಆ ಮುಖ ನಿಲ್ಲಲಿಲ್ಲ. ಹುಳುಗಳು ಮೂರನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಹುಳು ಸಾಕುವವರು ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳು ಹಸಿದಿರುತ್ತದೆ, ಸೊಪ್ಪು ಹಾಕಿದರೆ ಮಳೆ ಬಿದ್ದ ಸದ್ದಿನಲ್ಲಿ ಮೇಯುತ್ತದೆ. ಇವು ತಟ್ಟೆಗಳಲ್ಲಿ ಸುಮ್ಮನೆ ಬಿದ್ದಿದ್ದವು. ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಬಾಡಿತ್ತು.

ಪಕ್ಕದಲ್ಲಿ ಪುಟ್ಟಬಸಮ್ಮ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದಳು. ಇಪ್ಪತ್ತು ವರ್ಷದಿಂದ ಊರವರ ಹುಳು ಮನೆಗಳಲ್ಲಿ ಕೂಲಿ ಮಾಡಿದವಳು. ದೀಪಾವಳಿಯಲ್ಲಿ ಗಂಡ ತೀರಿಕೊಂಡ ಮೇಲೆ ಇದೇ ವಾರ ಮತ್ತೆ ಕೆಲಸಕ್ಕೆ ಬಂದಿದ್ದಳು. ನಿಂಗಯ್ಯನ ಕಣ್ಣು ತಟ್ಟೆಯಿಂದ ಅವಳ ಬರಿ ಹಣೆಗೆ ಹೋಯಿತು.

"ಗಂಡ್ನ ಕಳ್ಕಂಡು ಐದ್ ತಿಂಗ್ಳಾಗಿಲ್ಲ. ನೀ ಕಾಲಿಟ್ಟ ವಾರ್ದಲ್ಲೇ ಊರ್ಗೆ ಇಲ್ದ ಚಳಿ, ನಮ್ಗೆ ಇಲ್ದ ಕಾಟ. ನಾಳಿಂದ ಬರ್ಬ್ಯಾಡ ಬುಡು."

ಹೆಂಡತಿ ರಾಚಮ್ಮ ಸಿಡಿದಳು. "ಕುಣೀನಾರ್ದೋಳು ನೆಲ ಡೊಂಕು ಅಂದ್ಳಂತೆ! ಪಕ್ಕದ್ಮನೆ ಮಾದೇಶಂದು ತಾರ್ಸಿ ಮನೆ, ಅವ್ನ ಹುಳ ಮೇಯ್ತಾವೆ. ನಮ್ದು ಶೀಟು. ಮೇಲೆ ಐಸ್ ಮಡ್ಗಿದಂಗದೆ. ಅದ್ಕೆ ಈ ಯಕ್ಕ ಏನ್ಮಾಡಾಳು?"

ಪುಟ್ಟಬಸಮ್ಮ ಕುಕ್ಕೆ ಕೆಳಗಿಟ್ಟಳು. "ಚಳಿ ತರೋ ಸಕ್ತಿ ನಂಗಿದ್ದಿದ್ರೆ ಏಪ್ರಿಲ್ಲಲ್ಲಿ ಒಂದಿಷ್ಟು ತಂದ್ಕೊಡ್ತಿದ್ದೆ ಕಣಯ್ಯ. ಮೊದ್ಲು ಇಂಥ ತಿಂಗ್ಳಲ್ಲಿ ಚಳಿಗೆ ಗೋಣಿ ಕಟ್ಟದು, ಇಂಥ ತಿಂಗ್ಳಲ್ಲಿ ಸೆಕೆಗೆ ನೀರು ಚಿಮ್ಸದು ಅಂತಿತ್ತು. ಈಗ ಎರಡ್ನೂ ಒಂದೇ ವಾರ್ದಲ್ಲಿ ಮಾಡಂಗಾಗದೆ. ಯಾಕಂತ ನಂಗ್ ತಿಳೀದು. ತಿಳೀದಿದ್ದುಕ್ಕೆಲ್ಲ ನನ್ ಹಣೆ ತೋರುಸ್ಬ್ಯಾಡಿ."

ಕೈ ತೊಳೆದುಕೊಂಡು ಹೋದಳು. ಆದರೆ ಬಾಯಿಂದ ಬಿದ್ದ ಮಾತು ಸುಮ್ಮನಿರುತ್ತದೆಯೇ? ಸಂಜೆಯೊಳಗೆ ಊರು ಸುತ್ತಿತು. ಮುಂದಿನ ವಾರ ಕೆಲಸಕ್ಕೆ ಕರೆದಿದ್ದ ಮಾದೇಶನೂ ಬೇಡ ಎಂದು ಹೇಳಿ ಕಳಿಸಿದ. ಹುಳು ಮನೆಗಳ ಬಾಗಿಲು ಮುಚ್ಚಿದರೆ ಅವಳಿಗೆ ಬೇರೆ ಬದುಕಿರಲಿಲ್ಲ. ಬಲ್ಲ ವಿದ್ಯೆ ಅದೊಂದೇ.

ಮಾರನೆಯ ಬೆಳಿಗ್ಗೆ ಚಳಿ ಇನ್ನೂ ಬಲಿತಿತ್ತು. ನಿಂಗಯ್ಯ ಹಳೆಯ ಬಾಣಲೆಯ ತುಂಬ ಇದ್ದಿಲ ಕೆಂಡ ಮಾಡಿ ಹುಳು ಮನೆಯೊಳಗಿಟ್ಟ. ಕಾವು ಹೊರಗೆ ಹೋಗದಿರಲೆಂದು ಕಿಟಕಿ ಸಂದಿಗೆಲ್ಲ ಗೋಣಿ ತುರುಕಿ, ಬಾಗಿಲು ಹಾಕಿಕೊಂಡು ಕೂತ. ಕಾಫಿ ತಂದ ರಾಚಮ್ಮ ಎಷ್ಟು ಕೂಗಿದರೂ ಉತ್ತರವಿಲ್ಲ. ಬಾಗಿಲು ತಳ್ಳಲೂ ಬರಲಿಲ್ಲ. ಅವಳ ಅರಚಾಟ ಕೇಳಿ ಓಡಿಬಂದವಳು, ಈರುಳ್ಳಿ ಹೊಲದಲ್ಲಿ ಸಿಕ್ಕ ಒಂದು ದಿನದ ಕಳೆ ಕೂಲಿಗೆಂದು ಅದೇ ದಾರಿಯಲ್ಲಿ ಹೋಗುತ್ತಿದ್ದ ಪುಟ್ಟಬಸಮ್ಮ.

ಬಾಗಿಲಿಗೆ ಭುಜ ಕೊಟ್ಟು ಚಿಲಕ ಕಿತ್ತುಬರುವಂತೆ ನೂಕಿದಳು. ಸೆರಗಿನಿಂದ ಮೂಗು ಮುಚ್ಚಿ ಒಳಗೆ ನುಗ್ಗಿ, ಬಿದ್ದಿದ್ದ ನಿಂಗಯ್ಯನ ಕಂಕುಳಿಗೆ ಕೈ ಹಾಕಿ ದರದರನೆ ಅಂಗಳಕ್ಕೆ ಎಳೆದಳು. ಮತ್ತೆ ಒಳಗೆ ಹೋಗಿ ಬಾಣಲೆ ಹೊರಗೆಸೆದು ಗೋಣಿಗಳನ್ನೆಲ್ಲ ಕಿತ್ತಳು. ಮನುಷ್ಯ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. "ಕೆಂಡದ ಗಾಳಿ ಮನುಸ್ರನ್ನೇ ತಿಂತದೆ, ಹುಳ ಯಾವ ಲೆಕ್ಕ" ಎಂದು ಬೈದು ನೀರು ಕುಡಿಸಿದಳು.

ಎಂಥ ಹೆಂಗಸು ನೋಡಿ! ಅಷ್ಟು ಮಾಡಿ ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಹೊಸ್ತಿಲಿನಾಚೆ ನಿಂತು ರಾಚಮ್ಮನಿಗೆ ಒಂದೊಂದೇ ಹೇಳಿಕೊಟ್ಟಳು. "ಮೊದ್ಲು ಗಾಳಿ ಆಡ್ಲಿ. ಆಮೇಲೆ ಶೀಟಿನ ಕೆಳಿಕ್ಕೆ ಸೀರೆ ಅಡ್ಡ ಕಟ್ಟು. ನೀರು ಕುದ್ಸಿ ಕೊಡಕ್ಕೆ ತುಂಬಿ, ಬಾಯಿ ಬಿಗ್ಯಾಗಿ ಮುಚ್ಚಿ ತಟ್ಟೆ ಕೆಳಗ್ ಮಡ್ಗು."

"ಒಳಿಕ್ಕೆ ಬಾ ಯಕ್ಕ, ನೀನೇ ಮಾಡು" ಎಂದಳು ರಾಚಮ್ಮ.

"ಬ್ಯಾಡ ತಾಯಿ. ಮನುಸನ್ನ ಎಳೆಯಾಕೆ ಹೊಸ್ತ್ಲು ದಾಟ್ಬುಟ್ಟೆ. ಹುಳದ ತಾವ್ಕೆ ಬರ್ಬ್ಯಾಡ ಅಂತ ಯಜಮಾನ್ರು ಹೇಳವ್ರೆ."

ಅಂಗಳದಲ್ಲಿ ಗೋಡೆಗೊರಗಿದ್ದ ನಿಂಗಯ್ಯನಿಗೆ ಎಲ್ಲ ಕೇಳಿಸುತ್ತಿತ್ತು. ಆ ಚಳಿಯಲ್ಲೂ ಅವನ ಕಿವಿ ಬಿಸಿಯಾಯಿತು. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

ಎರಡು ದಿನದಲ್ಲಿ ಹುಳುಗಳು ಮೇಯತೊಡಗಿದವು. ನಾಲ್ಕನೇ ಜ್ವರವೂ ಕಳೆಯಿತು. ಅದು ಕೊನೆಯ ಜ್ವರ. ಎದ್ದ ದಿನ ಮನೆಯ ಮುತ್ತೈದೆ ತಟ್ಟೆಗೆ ಅರಿಶಿನ ಕುಂಕುಮ ಇಟ್ಟು ಮೊದಲ ಸೊಪ್ಪು ಹಾಕುವುದು ಅವರ ಮನೆತನದ ಪದ್ಧತಿ. ಅಕ್ಕಪಕ್ಕದವರೂ ನೋಡಲು ಬರುತ್ತಾರೆ. ಅವತ್ತು ನಿಂಗಯ್ಯ ಬೆಳಿಗ್ಗೆಯೇ ಸ್ನಾನ ಮಾಡಿ ಪುಟ್ಟಬಸಮ್ಮನ ಮನೆ ಬಾಗಿಲಿಗೆ ಹೋದ. ಅಲ್ಲಿ ಏನು ಹೇಳಿದನೋ, ತಿರುಗಿ ಬರುವಾಗ ಅವಳು ಜೊತೆಯಲ್ಲಿದ್ದಳು. ರಾಚಮ್ಮ ಎಳೆ ಸೊಪ್ಪಿನ ಕುಕ್ಕೆಯನ್ನು ತಾನಾಗಿಯೇ ಅವಳ ಕೈಗೆ ಕೊಟ್ಟಳು.

ಹುಳು ಮನೆಯ ಬಾಗಿಲಿಗೆ ಒರಗಿದ್ದ ಮಾದೇಶ ಹಲ್ಲು ಕಿರಿದ. "ಏನ್ಲಾ ನಿಂಗಯ್ಯ, ಮುತ್ತೈದೆ ಮನೇಲಿರುವಾಗ ಚಳಿ ತಂದೋಳ ಕೈಲಿ ಸೊಪ್ಪು ಹಾಕುಸ್ತಿದ್ದೀಯಾ?"

ನೆರೆದವರೆಲ್ಲ ನಿಂಗಯ್ಯನ ಬಾಯಿ ನೋಡಿದರು.

"ಈ ಚಳಿ ಯಾಕ್ ಬಂತೋ ನಂಗೊತ್ತಿಲ್ಲ ಕಣ್ಲಾ. ಮೇಷ್ಟ್ರು ಓದ್ಕಂಡು ಹೇಳ್ಲಿ, ಕೇಳ್ತೀನಿ. ಯಾರಿಂದ ಬರ್ನಿಲ್ಲ ಅನ್ನದು ಮಾತ್ರ ಗೊತ್ತು. ನಾನಾಡಿದ್ದು ತಪ್ಪು ಮಾತು." ನಿಂಗಯ್ಯ ಒಂದು ಹೆಜ್ಜೆ ಮುಂದೆ ಬಂದ. "ಬಾಗ್ಲಲ್ಲಿ ನಿಂತ್ಕಬ್ಯಾಡ ಮಾದೇಶ. ಅಕ್ಕ ಒಳಿಕ್ಕೋಗ್ಬೇಕು, ದಾರಿ ಬುಡು."